ದೂರದ ಸಭಿಕರು

ಸಭೆಯೆಂದರೆ ಒಂದೆಡೆ ನೆರೆದ ಜನವೆಂಬುದು ಹಿರಿಯರ ಕಾಲದಿಂದ ಬಂದ ತಿಳಿವಳಿಕೆ. ನೆರೆಯುವುದಕ್ಕೆ ಒಂದು ಚಾವಡಿ, ಹೇಳುವುದಕ್ಕೆ ಒಬ್ಬ ಬಲ್ಲವನು, ಕೇಳುವುದಕ್ಕೆ ಹತ್ತು ಮಂದಿ ಆಸಕ್ತರು. ಇಷ್ಟು ಒದಗಿದರೆ ಸಭೆಯು ಕೂಡಿತೆಂದೇ ಲೆಕ್ಕ. ಬಾರದವನು ಸಭಿಕನಲ್ಲ. 1932ರಲ್ಲಿ ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಮಡಿಕೇರಿಯೊಳಗೆ ಕನ್ನಡ ಸಾಹಿತ್ಯ ಸಮ್ಮೇಳನವು ನಡೆದಾಗ, ಗಾಡಿ ಸಿಕ್ಕದೆಯೋ ಮೈಯಲ್ಲಿ ಸ್ವಸ್ಥವಿಲ್ಲದೆಯೋ ಮನೆಯಲ್ಲಿ ಉಳಿದವನು, ಅಲ್ಲಿ ನಡೆದುದನ್ನು ಹೋಗಿಬಂದವರ ಬಾಯಿಂದ ಕೇಳಬೇಕಾಗಿತ್ತು. ಇಲ್ಲವೆ ಪತ್ರಿಕೆಯು ಬರುವವರೆಗೆ ಕಾದಿರಬೇಕಾಗಿತ್ತು. ಮೂರು ವರ್ಷಗಳ ಬಳಿಕ, 1935ರಲ್ಲಿ, ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ತೆರೆದು, ದೂರದವನ ಕಿವಿಗೂ ಮಾತು ಮುಟ್ಟುವಂತೆ ಮಾಡಿದರು. ಆದರೆ ಆಕಾಶವಾಣಿಯನ್ನು ಕೇಳುವವನು ಕೇಳುಗನೇ ಹೊರತು ಸಭಿಕನಲ್ಲ. ಸಂಶಯ ಬಂದರೆ ಅವನು ಎದ್ದುನಿಂತು ಪ್ರಶ್ನಿಸುವಂತಿಲ್ಲ. ಅವನು ತಲೆದೂಗಿದ್ದು ಭಾಷಣಕಾರನಿಗೆ ಕಾಣುವಂತಿಲ್ಲ.

ಈ ಭೇದವು ನಮ್ಮ ಕಣ್ಣೆದುರಿನಲ್ಲಿಯೇ ಅಳಿದುಹೋಯಿತು. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಿತಷ್ಟೆ. ಆ ವರ್ಷದ ತುಲಾಸಂಕ್ರಮಣದಲ್ಲಿ ತಲಕಾವೇರಿಯ ತೀರ್ಥೋದ್ಭವವನ್ನು ಬಹುಮಂದಿ ತಮ್ಮ ತಮ್ಮ ಮನೆಗಳಲ್ಲಿಯೇ ಕುಳಿತು ತೆರೆಯ ಮೇಲೆ ನೋಡಿ ಕೈಮುಗಿದರು. ಶನಿವಾರಸಂತೆಯ ಸಮೀಪದ ಮುಳ್ಳೂರಿನ ಸರ್ಕಾರಿ ಶಾಲೆಯ ಉಪಾಧ್ಯಾಯರೊಬ್ಬರು, ನೆಲದ ಮೇಲೆ ಮೊಬೈಲಿಗೆ ಸಂಪರ್ಕ ಸಿಕ್ಕದ ಕಾರಣ, ಮರದ ಮೇಲೆ ಅಟ್ಟಣೆಯನ್ನು ಕಟ್ಟಿಕೊಂಡು ಅಲ್ಲಿಂದ ಮಕ್ಕಳಿಗೆ ಪಾಠ ಹೇಳಿದುದನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲರೂ ಬೆರಗಾದೆವು. ಸಾಹಿತ್ಯ ಸಂಘಗಳೂ ಹಾಗೆಯೇ ಮಾಡಿದುವು. ಜೂಮ್ ಎಂಬ ಯಂತ್ರಸಭೆಯಲ್ಲಿ ಉಪನ್ಯಾಸ, ಅಲ್ಲಿಯೇ ಪ್ರಶ್ನೆ, ಅಲ್ಲಿಯೇ ವಂದನಾರ್ಪಣೆ. ಆಗ ಎಲ್ಲರೂ ದೂರದವರೇ. ಆದುದರಿಂದ ಯಾರಿಗೂ ಪಂಕ್ತಿಭೇದವೆಂಬ ಭಾವನೆ ಹುಟ್ಟಲಿಲ್ಲ.

ತೊಡಕು ಹುಟ್ಟಿದ್ದು ವ್ಯಾಧಿಯು ತಗ್ಗಿ ಸಭಾಭವನಗಳ ಬಾಗಿಲುಗಳು ಮತ್ತೆ ತೆರೆದ ಮೇಲೆ. ಭವನಕ್ಕೆ ಬರುವವರು ಬಂದರು. ಮನೆಯಿಂದಲೇ ಕೇಳುವ ಅಭ್ಯಾಸವಾದವರು, ನಮಗೂ ತೋರಿಸಿರೆಂದು ಕೇಳಿದರು. ಹೀಗೆ ಒಂದೇ ಸಭೆಗೆ ಎರಡು ಪರಿಷತ್ತುಗಳಾದುವು: ಎದುರಿಗೆ ಕುಳಿತವರದೊಂದು, ಕಾಣದೆ ಕುಳಿತವರದೊಂದು. ಇದಕ್ಕೆ ಹೈಬ್ರಿಡ್ ಸಭೆಯೆಂದು ಹೆಸರಾಗಿದೆ. ನಮ್ಮ ಕಡೆ ಆ ಮಾತು ಭತ್ತದ ಬೀಜಕ್ಕೂ ಕಾಫಿಯ ಗಿಡಕ್ಕೂ ಸಲ್ಲತಕ್ಕದ್ದಾದುದರಿಂದ, ನಾನು ಇದನ್ನು ಉಭಯಸಭೆಯೆಂದು ಕರೆಯುವೆನು. ವಾಚಕರು ಇದಕ್ಕಿಂತ ಒಳ್ಳೆಯ ಹೆಸರನ್ನು ಸೂಚಿಸಿದರೆ ಸಂತೋಷ. ನಾನು ಇಲ್ಲಿ ವಿಚಾರಿಸಬೇಕೆಂದಿರುವುದು ಹೆಸರನ್ನಲ್ಲ, ಆಳುಗಳನ್ನು. ಇಂತಹ ಸಭೆಗೆ ಎಷ್ಟು ಮಂದಿ ಕೆಲಸಗಾರರು ಬೇಕು, ಯಾರು ಯಾರಿಗೆ ಯಾವ ಕೆಲಸ, ಎಂಬ ಈ ಪ್ರಶ್ನೆಯು ಮೇಲುನೋಟಕ್ಕೆ ಅಡಿಗೆಮನೆಯ ಲೆಕ್ಕದಂತೆ ತೋರಬಹುದು. ಆದರೆ ಸಭೆಯ ಧರ್ಮವೇ ಇದರಲ್ಲಿ ಅಡಗಿದೆಯೆಂದು ನನ್ನ ಎಣಿಕೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಸಭೆಗೆ ಅರ್ಧ ಗಂಟೆಯಿರುವಾಗ ಯಾರೋ ಒಬ್ಬ ಹುಡುಗನನ್ನು ಕರೆದು, ‘ನೀನು ಸ್ವಲ್ಪ ಲೈವ್ ನೋಡಿಕೊಳ್ಳಪ್ಪ’ ಎಂದು ಹೇಳುವರು. ಅವನು ಮುಕ್ಕಾಲಿಯ ಮೇಲೆ ಮೊಬೈಲನ್ನು ನಿಲ್ಲಿಸಿ, ಗುಂಡಿಯೊತ್ತಿ, ಕುರ್ಚಿಗಳನ್ನು ಜೋಡಿಸುವುದಕ್ಕೂ ಕಾಫಿ ಹಂಚುವುದಕ್ಕೂ ಹೋಗುವನು. ಅಲ್ಲಿಗೆ ದೂರದವರ ಉಪಚಾರವು ಮುಗಿಯಿತು. ಆಮೇಲೆ ಸಂಪರ್ಕವು ತುಂಡಾದರೂ, ಮೈಕು ಕೆಟ್ಟರೂ, ಮೊಬೈಲಿನ ಮುಂದೆ ಯಾರಾದರೂ ಬೆನ್ನು ತಿರುಗಿಸಿ ನಿಂತರೂ, ಕೇಳುವವರಿಲ್ಲ.

ಇದರಿಂದ ಏನಾಗುವುದೆಂಬುದಕ್ಕೆ ನಾನು ಕಂಡ ಒಂದು ಸಂಗತಿಯನ್ನು ಹೇಳುವೆನು. ಸೋಮವಾರಪೇಟೆಯ ಆಚೆಯ ತೋಟದ ಮನೆಯಲ್ಲಿ ನನಗಿಂತ ಹಿರಿಯರಾದ ಸ್ನೇಹಿತರೊಬ್ಬರಿರುವರು. ಸೊಂಟದ ಮೂಳೆ ಮುರಿದ ಮೇಲೆ ಅವರು ಮನೆಯ ಜಗಲಿಯನ್ನು ಇಳಿದವರಲ್ಲ. ದೊಡ್ಡವೀರರಾಜೇಂದ್ರನ ಆಳಿಕೆಯಲ್ಲಿ ಕನ್ನಡದಲ್ಲಿ ರಚಿತವಾದ ‘ರಾಜೇಂದ್ರನಾಮೆ’ಯನ್ನು ಅವರು ಎಷ್ಟು ಸಲ ಓದಿರುವರೋ ಲೆಕ್ಕವಿಲ್ಲ, ಅದರಲ್ಲಿ ಬರುವ ಊರುಗಳನ್ನೂ ಗಡಿಗಳನ್ನೂ ಕಾಲುನಡಗೆಯಿಂದ ಹುಡುಕಿ ಬರೆದಿಟ್ಟ ಮೂರು ನೋಟುಪುಸ್ತಕಗಳು ಅವರಲ್ಲಿವೆ. ಒಮ್ಮೆ ಬೇರೊಂದು ಊರಿನ ಸಂಘದಲ್ಲಿ ಆ ಗ್ರಂಥವನ್ನು ಕುರಿತೇ ಉಪನ್ಯಾಸವು ಏರ್ಪಾಡಾಯಿತು. ನಾನು ಭವನದಲ್ಲಿದ್ದೆನು, ಅವರು ಮೊಮ್ಮಗಳ ಸಹಾಯದಿಂದ ಮನೆಯಿಂದಲೇ ಸೇರಿದರು. ಉಪನ್ಯಾಸಕರು ಒಂದು ಊರಿನ ಗುರುತನ್ನು ತಪ್ಪಾಗಿ ಹೇಳಿದರು. ನನ್ನ ಸ್ನೇಹಿತರು ತಿದ್ದುಪಡಿಯನ್ನೂ ಅದಕ್ಕೆ ಆಧಾರವನ್ನೂ ಮೊಮ್ಮಗಳಿಂದ ಬರೆಯಿಸಿ ಕಳುಹಿಸಿದರು. ಅದನ್ನು ಓದುವವರು ಅಲ್ಲಿ ಯಾರೂ ಇರಲಿಲ್ಲ. ಅಧ್ಯಕ್ಷರು, ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದು ಭವನದ ಕಡೆಗೆ ನೋಡಿ, ಇಬ್ಬರಿಗೆ ಅವಕಾಶ ಕೊಟ್ಟು, ಸಭೆಯನ್ನು ಮುಗಿಸಿದರು. ಮರುವಾರ ನಾನು ಅವರ ಮನೆಗೆ ಹೋದಾಗ ಅವರು ಕೋಪಿಸಿಕೊಳ್ಳಲಿಲ್ಲ. ‘ಮೇಷ್ಟ್ರೇ, ಬಾಗಿಲನ್ನೇನೋ ತೆರೆದಿಟ್ಟಿದ್ದರು, ಒಳಗೆ ಹೋದರೆ ಬನ್ನಿ ಎನ್ನುವವರು ಯಾರೂ ಇಲ್ಲ. ಅಂತಹ ಮನೆಯಲ್ಲಿ ಎಷ್ಟು ಹೊತ್ತು ನಿಲ್ಲುವುದು?’ ಎಂದಷ್ಟೇ ಹೇಳಿದರು. ಆ ಬಳಿಕ ಬಹುಕಾಲ ಅವರು ಯಾವ ಸಭೆಗೂ ಸೇರಲಿಲ್ಲ. ಮೂರು ನೋಟುಪುಸ್ತಕಗಳ ತಿಳಿವಳಿಕೆಯು ಆ ಜಗಲಿಯಲ್ಲಿಯೇ ಉಳಿಯಿತು.

ನಾನು ಬಹುವರ್ಷಗಳ ಕಾಲ ಒಂದೇ ಕೋಣೆಯಲ್ಲಿ ಎರಡು ತರಗತಿಗಳನ್ನು ಕೂರಿಸಿಕೊಂಡು ಪಾಠ ಹೇಳಿದವನು. ಮಲೆನಾಡಿನ ಚಿಕ್ಕ ಶಾಲೆಗಳಲ್ಲಿ ಅದು ಅಪರೂಪವಲ್ಲ. ಮೂರನೆಯ ತರಗತಿಗೆ ಪದ್ಯವನ್ನು ಹೇಳಿಕೊಡುತ್ತಿರುವಾಗ ನಾಲ್ಕನೆಯ ತರಗತಿಯನ್ನು ಲೆಕ್ಕದಲ್ಲಿ ತೊಡಗಿಸಬೇಕು. ಅವರಲ್ಲಿ ಒಬ್ಬ ಚುರುಕಾದ ಹುಡುಗನನ್ನು ಮುಂದಾಳಾಗಿ ನಿಲ್ಲಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಮುಖವನ್ನು ಆ ಕಡೆಗೂ ತಿರುಗಿಸಬೇಕು. ಇಷ್ಟಾದರೂ ಒಂದು ಕಡೆಯವರಿಗೆ ಕೊರತೆಯಾಗದೆ ಇರದು. ಆದರೆ ಶಾಲೆಯಲ್ಲಿ ಒಂದು ಅನುಕೂಲವಿತ್ತು. ಅಲಕ್ಷ್ಯಕ್ಕೆ ಗುರಿಯಾದ ಮಕ್ಕಳು ಗಲಾಟೆ ಮಾಡುತ್ತಿದ್ದರು. ಆ ಗಲಾಟೆಯೇ ನನ್ನನ್ನು ಎಚ್ಚರಿಸುತ್ತಿತ್ತು. ದೂರದ ಸಭಿಕರು ಗಲಾಟೆ ಮಾಡುವುದಿಲ್ಲ. ಅವರು ಸದ್ದಿಲ್ಲದೆ ಹೊರಟುಹೋಗುವರು. ಹೋದದ್ದು ಕೂಡ ನಮಗೆ ತಿಳಿಯದು. ಆಮೇಲೆ ಕಾರ್ಯಕಾರೀ ಸಮಿತಿಯಲ್ಲಿ, ‘ಲೈವ್ ಯಾರೂ ನೋಡುವುದಿಲ್ಲ, ನಿಲ್ಲಿಸಿಬಿಡೋಣ’ ಎಂಬ ಮಾತು ಹುಟ್ಟುವುದು. ನಮ್ಮ ಸಮಿತಿಯಲ್ಲಿಯೂ ಆ ಮಾತು ಹುಟ್ಟಿದೆ; ಈ ಲೇಖನಕ್ಕೆ ಅದೇ ಕಾರಣ.

ಒಂದು ಕಾರ್ಯಕ್ಕೆ ಹಲವರು ಬೇಕೆಂಬುದು ಹೊಸ ಮಾತಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಮನುಷ್ಯರಿಗೆ ತಕ್ಕ ರಂಗಮಂದಿರವು 64 ಹಸ್ತ ಉದ್ದ, 32 ಹಸ್ತ ಅಗಲವಿರಬೇಕೆಂದು ವಿಧಿಸಿರುವನು. ಅದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳಿಸದು, ಮುಖದ ಭಾವವು ಕಾಣಿಸದು ಎಂಬುದು ಅವನ ಕಾರಣ. ಕಡೆಯ ಸಾಲಿನವನೂ ಪ್ರೇಕ್ಷಕನೆಂಬ ಎಚ್ಚರವು ಆ ಅಳತೆಯಲ್ಲಿದೆ. ಇಂದು ಕಡೆಯ ಸಾಲು ಬೆಂಗಳೂರಿನಲ್ಲಿಯೂ ದುಬೈಯಲ್ಲಿಯೂ ಇದೆ. ಅದೇ ಗ್ರಂಥದಲ್ಲಿ ನಾಟ್ಯಮಂಡಲಿಯ ಸದಸ್ಯರನ್ನು ಎಣಿಸುವಾಗ, ಸೂತ್ರಧಾರನೊಂದಿಗೆ ಕಿರೀಟ ಮಾಡುವವನು, ಆಭರಣ ಮಾಡುವವನು, ಹೂಮಾಲೆ ಕಟ್ಟುವವನು, ಬಟ್ಟೆಗೆ ಬಣ್ಣ ಹಾಕುವವನು, ಚಿತ್ರ ಬರೆಯುವವನು, ಇವರನ್ನೂ ಮುನಿಯು ಹೆಸರಿಸುವನು. ತೆರೆಯ ಮರೆಯ ಕೆಲಸಗಾರನಿಗೂ ಶಾಸ್ತ್ರದಲ್ಲಿ ಸ್ಥಾನವಿದೆ. ಸೂತ್ರಧಾರನೇ ಹೂವನ್ನೂ ಕಟ್ಟಲೆಂದು ಅವನು ಹೇಳಲಿಲ್ಲ.

ಯಜ್ಞದ ಏರ್ಪಾಡು ಇನ್ನೂ ಸೂಕ್ಷ್ಮವಾದುದು. ಹೋತೃ, ಅಧ್ವರ್ಯು, ಉದ್ಗಾತೃಗಳು ತಂತಮ್ಮ ಕೆಲಸದಲ್ಲಿ ತೊಡಗಿರುವಾಗ, ಬ್ರಹ್ಮನೆಂಬ ನಾಲ್ಕನೆಯ ಋತ್ವಿಜನು ಸುಮ್ಮನೆ ಕುಳಿತಿರುವನು. ನೋಡುವವನಿಗೆ, ಈತನಿಗೇಕೆ ದಕ್ಷಿಣೆಯೆಂದು ತೋರಬಹುದು. ಆದರೆ ಎಲ್ಲಿ ಲೋಪವಾಗುವುದೆಂದು ಮನಸ್ಸಿನಿಂದ ಕಾದಿರುವುದೇ ಅವನ ಕೆಲಸ. ಅವನು ಮೌನವನ್ನು ಮುರಿದು ಬೇರೆ ಮಾತಿನಲ್ಲಿ ತೊಡಗಿದರೆ, ಯಜ್ಞವು ಒಂದೇ ಚಕ್ರದ ರಥದಂತೆ ಕುಂಟುವುದೆಂದು ಛಾಂದೋಗ್ಯೋಪನಿಷತ್ತು ಹೇಳುವುದು. ಉಭಯಸಭೆಯಲ್ಲಿ ಕಿವಿಗೆ ಹೆಡ್‌ಫೋನನ್ನು ಸಿಕ್ಕಿಸಿಕೊಂಡು, ದೂರದವನಿಗೆ ಏನು ಕಾಣುತ್ತಿದೆ, ಏನು ಕೇಳುತ್ತಿದೆ ಎಂಬುದನ್ನೇ ನೋಡುತ್ತ ಕುಳಿತವನು ಇಂತಹ ಬ್ರಹ್ಮನು. ‘ಅವನೇನು ಸುಮ್ಮನೆ ಕುಳಿತಿದ್ದಾನೆ, ಕಾಫಿ ತಟ್ಟೆ ಹಿಡಿಯಲಿ’ ಎಂದು ಅವನನ್ನು ಎಬ್ಬಿಸುವುದೇ ನಾವು ಮಾಡುವ ದೊಡ್ಡ ಲೋಪ.

ದೂರದ ಶ್ರೋತೃವೆಂದರೆ ನಮಗೆ ಮೊದಲು ನೆನಪಾಗುವವನು ಧೃತರಾಷ್ಟ್ರನು. ವ್ಯಾಸರು ಕೊಡಲು ಬಂದ ದಿವ್ಯದೃಷ್ಟಿಯನ್ನು ಅವನು ಒಲ್ಲೆನೆಂದನು. ಆಗ ಅದು ಸಂಜಯನಿಗೆ ಬಂದಿತು. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಒಂದನೆಯದು, ಸಂಜಯನು ಬರಿಯ ವರದಿಗಾರನಲ್ಲ. ಧೃತರಾಷ್ಟ್ರನು ನಡುನಡುವೆ ಕೇಳುವನು, ಮರುಗುವನು, ಸಂಶಯಪಡುವನು. ಸಂಜಯನು ಅದಕ್ಕೆಲ್ಲ ಉತ್ತರ ಕೊಡುವನು, ಬೇಕಾದಲ್ಲಿ ಗದರಿಸುವನು ಕೂಡ. ಎರಡನೆಯದು, ವ್ಯಾಸರು ಅವನಿಗೆ ಆಯಾಸವೂ ತಟ್ಟದಿರಲೆಂದು ವರವಿತ್ತಿದ್ದರು. ನಮ್ಮ ಸಂಘದ ಕಾಲೇಜು ಹುಡುಗರಿಗೆ ಆ ವರವಿಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಡೆಯುವ ವಿಚಾರಸಂಕಿರಣದಲ್ಲಿ ಒಬ್ಬನನ್ನೇ ತೆರೆಯ ಮುಂದೆ ಕೂರಿಸಿದರೆ, ಮಧ್ಯಾಹ್ನದ ಊಟದ ಬಳಿಕ ಅವನ ದೃಷ್ಟಿಯು ದಿವ್ಯವಾಗಿರಲಾರದು. ಆದುದರಿಂದ ಸಂಜಯರು ಇಬ್ಬರಿರಬೇಕು. ಒಂದೂವರೆ ಗಂಟೆಗೊಮ್ಮೆ ಒಬ್ಬನು ಎದ್ದು ಮತ್ತೊಬ್ಬನು ಕೂರಬೇಕು.

ಆದರೆ ನನ್ನ ಅಭಿಪ್ರಾಯಕ್ಕೆ ಹತ್ತಿರವಾದ ಉಪಮಾನವು ನಮ್ಮ ನಾಡಿನಲ್ಲಿಯೇ ಇದೆ. ಕೊಡವರ ಮದುವೆಯಲ್ಲಿ ಸಂಬಂಧ ಅಡ್ಕುವ ಶಾಸ್ತ್ರವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಎರಡು ಕಡೆಯ ಅರುವರು ಎದುರೆದುರಾಗಿ ನಿಂತು, ತಂತಮ್ಮ ಕಡೆಯ ಒಕ್ಕದ ಪರವಾಗಿ ಪ್ರಶ್ನೋತ್ತರಗಳನ್ನು ನಡೆಸುವರು. ಅರುವನು ಆ ಒಕ್ಕದಲ್ಲಿ ಹುಟ್ಟಿದವನಲ್ಲ, ಮತ್ತೊಂದು ಒಕ್ಕದವನು. ಆದರೂ ಅವನ ಮಾತೇ ಆ ಒಕ್ಕದ ಮಾತು. ಅವನು ಮಾತಾಡುವಾಗ ಯಾರೂ ‘ನೀನು ಯಾರು’ ಎನ್ನುವಂತಿಲ್ಲ. ದೂರದ ಸಭಿಕರಿಗೆ ಬೇಕಾಗಿರುವವನು ಇಂತಹ ಅರುವನು. ಅವನು ಭವನದಲ್ಲಿಯೇ ಇರುವವನು, ಆದರೆ ಭವನದವರ ಪಕ್ಷದವನಲ್ಲ. ಪ್ರಶ್ನೆಯ ಕಾಲದಲ್ಲಿ ಎದ್ದುನಿಂತು, ‘ದೂರದಿಂದ ಇಂತಹವರು ಕೇಳುತ್ತಿದ್ದಾರೆ’ ಎಂದು ಹೇಳುವ ಅಧಿಕಾರವು ಅವನಿಗಿರಬೇಕು. ಅಷ್ಟೇ ಅಲ್ಲ, ಮಾತು ಕೇಳಿಸದೆ ಹೋದಾಗ ಭಾಷಣದ ನಡುವೆಯೇ ಕೈಯೆತ್ತಿ ಭಾಷಣಕಾರರನ್ನು ಅರೆನಿಮಿಷ ನಿಲ್ಲಿಸುವ ಅಧಿಕಾರವೂ ಇರಬೇಕು. ಈ ಅಧಿಕಾರವಿಲ್ಲದ ಮೇಲೆ ಅವನು ಯಂತ್ರದ ಕಾವಲುಗಾರನು ಮಾತ್ರ.

ಈಗ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡೋಣ. ಭವನದ ನಿರೂಪಕನು ಒಬ್ಬ. ಅವನ ಕಣ್ಣು ಎದುರಿಗೆ ಕುಳಿತವರ ಮೇಲೆ. ದೂರದವರ ಅರುವನು ಒಬ್ಬ. ಅವನ ಕಣ್ಣು ತೆರೆಯ ಮೇಲೆ. ಧ್ವನಿಗೆ ಒಬ್ಬನಿರಬೇಕು. ಚಿತ್ರವು ಮಸುಕಾದರೆ ಜನರು ಸಹಿಸುವರು, ಧ್ವನಿಯು ಕೆಟ್ಟರೆ ಎದ್ದುಹೋಗುವರು. ಭವನದ ಹಿಂದೆ ನಿಲ್ಲಿಸಿದ ಮೊಬೈಲು ಕೆಮ್ಮನ್ನೂ ಕುರ್ಚಿಯ ಕಿರುಗುಟ್ಟುವಿಕೆಯನ್ನೂ ಮೊದಲು ಹಿಡಿಯುವುದು, ಮಾತನ್ನು ಆಮೇಲೆ. ಧ್ವನಿವರ್ಧಕದ ಪೆಟ್ಟಿಗೆಯಿಂದಲೇ ಒಂದು ತಂತಿಯನ್ನು ಎಳೆದು ಕಂಪ್ಯೂಟರಿಗೆ ಕೊಟ್ಟರೆ ಈ ದೋಷವು ಹೋಗುವುದು. ದೂರದವರು ಮಾತಾಡಿದುದು ಭವನದವರಿಗೂ ಕೇಳಿಸಬೇಕು. ಹಾಗೆ ಕೇಳಿಸುವಾಗ ಆ ಧ್ವನಿಯು ಮತ್ತೆ ಮೈಕಿಗೆ ಹೊಕ್ಕು ಮಾರ್ದನಿಯಾಗದಂತೆಯೂ ನೋಡಿಕೊಳ್ಳಬೇಕು. ಇವು ಒಬ್ಬನ ಪೂರ್ಣಕಾಲದ ಕೆಲಸಗಳು. ಭವನದವರು ಮೈಕಿಲ್ಲದೆ ಕೇಳಿದ ಪ್ರಶ್ನೆಯು ದೂರಕ್ಕೆ ಮುಟ್ಟುವುದೇ ಇಲ್ಲವಾದುದರಿಂದ, ಪ್ರಶ್ನಿಸುವವನ ಬಳಿಗೆ ಮೈಕನ್ನು ಒಯ್ಯುವವನೊಬ್ಬನು ಬೇಕು.

ಮತ್ತೊಂದು ಸೂಕ್ಷ್ಮವುಂಟು. ಯೂಟ್ಯೂಬಿನಲ್ಲಿ ನೋಡುವವನಿಗೆ ಮಾತು ಮುಟ್ಟುವುದು ಕೆಲವು ಸೆಕೆಂಡುಗಳು ತಡವಾಗಿ. ಒಮ್ಮೊಮ್ಮೆ ಅರ್ಧ ನಿಮಿಷವೂ ಆಗುವುದು. ‘ಪ್ರಶ್ನೆಗಳಿವೆಯೇ?’ ಎಂದು ಅಧ್ಯಕ್ಷರು ಕೇಳಿ, ಐದು ಎಣಿಸುವಷ್ಟು ಕಾದು, ಇಲ್ಲವೆಂದು ತೀರ್ಮಾನಿಸಿ ವಂದನಾರ್ಪಣೆಗೆ ಕರೆಯುವಾಗ, ದೂರದವನಿಗೆ ಆ ಪ್ರಶ್ನೆಯೇ ಇನ್ನೂ ಮುಟ್ಟಿರುವುದಿಲ್ಲ. ಆದುದರಿಂದ ಉಪನ್ಯಾಸವು ಮುಗಿಯುವುದಕ್ಕೆ ಐದು ನಿಮಿಷ ಮೊದಲೇ ಅರುವನು ದೂರದವರಿಗೆ, ನಿಮ್ಮ ಪ್ರಶ್ನೆಗಳನ್ನು ಈಗಲೇ ಬರೆಯಿರಿ ಎಂದು ತಿಳಿಸತಕ್ಕದ್ದು. ಅಧ್ಯಕ್ಷರು ಮೊದಲ ಪ್ರಶ್ನೆಯನ್ನು ಭವನದಿಂದ, ಎರಡನೆಯದನ್ನು ದೂರದಿಂದ, ಹೀಗೆ ಸರದಿಯಂತೆ ತೆಗೆದುಕೊಳ್ಳತಕ್ಕದ್ದು.

ಬಾಗಿಲು ಕಾಯುವವನೂ ಬೇಕು. ಕರ್ನಾಟಕದ ಹೈಕೋರ್ಟು 2021ರ ಮೇ ತಿಂಗಳಿನ ಕೊನೆಯಲ್ಲಿ ತನ್ನ ಕಲಾಪಗಳನ್ನು ಯೂಟ್ಯೂಬಿನಲ್ಲಿ ಜನರಿಗೆ ತೋರಿಸಲು ಆರಂಭಿಸಿತು. ವಕೀಲರು ದೂರದಿಂದಲೇ ವಾದಿಸುವುದಕ್ಕೂ ಅವಕಾಶವಿತ್ತು. 2023ರ ಡಿಸೆಂಬರಿನಲ್ಲಿ ಯಾರೋ ದುಷ್ಟರು ಆ ಯಂತ್ರಸಭೆಯೊಳಗೆ ನುಗ್ಗಿ ಅಶ್ಲೀಲ ಚಿತ್ರಗಳನ್ನು ತೋರಿಸಿದುದರಿಂದ, ಆ ಸೌಕರ್ಯವನ್ನು ಕೆಲವು ಕಾಲ ನಿಲ್ಲಿಸಬೇಕಾಯಿತು. ನ್ಯಾಯಸ್ಥಾನಕ್ಕೇ ಹೀಗಾದ ಮೇಲೆ ನಮ್ಮಂತಹ ಸಂಘಗಳ ಮಾತೇನು? ಹೆಂಗಸರೂ ಮಕ್ಕಳೂ ಕುಳಿತ ಸಭೆಯಲ್ಲಿ ಒಳಗೆ ಬರುವವರ ಹೆಸರನ್ನು ನೋಡಿ ಬಿಡುವವನೊಬ್ಬನು ಇರಲೇಬೇಕು. ಚಿಕ್ಕ ಸಭೆಯಲ್ಲಿ ಎರಡನೆಯ ಸಂಜಯನೇ ಈ ಕೆಲಸವನ್ನು ಮಾಡಬಹುದು. ಇನ್ನು ಕರೆಂಟು ಹೋದರೆ ಏನು ಮಾಡತಕ್ಕದ್ದೆಂಬುದನ್ನು ಕೊಡಗಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ತುಂಬಿಸಿಟ್ಟ ಬ್ಯಾಟರಿಯೂ, ಬೇರೆ ಕಂಪನಿಯ ಸಿಮ್ಮುಳ್ಳ ಎರಡನೆಯ ಮೊಬೈಲೂ ಸಿದ್ಧವಿರಲಿ. ಹೀಗೆ ಲೆಕ್ಕ ಹಾಕಿದರೆ ನಮ್ಮ ಮಾಸಿಕ ಸಭೆಗೆ ನಿರೂಪಕನನ್ನು ಬಿಟ್ಟು ನಾಲ್ವರು ಸಾಕು: ಇಬ್ಬರು ಸರದಿಯ ಅರುವರು, ಧ್ವನಿಗೆ ಒಬ್ಬ, ಮೈಕನ್ನು ಒಯ್ಯುವುದಕ್ಕೆ ಒಬ್ಬ.

ದೂರದವರ ಪಕ್ಷವನ್ನು ಹಿಡಿದು ಮಾತಾಡುತ್ತಿರುವೆನಾದರೂ, ಎದುರಿಗೆ ಕುಳಿತವರನ್ನು ಮಲತಾಯಿಯ ಮಕ್ಕಳನ್ನಾಗಿ ಮಾಡಬೇಕೆಂದು ನನ್ನ ಇಷ್ಟವಲ್ಲ. ಅದೂ ಕೆಲವೆಡೆ ನಡೆಯುತ್ತಿರುವುದು. ಕೆಮರಾದವರು ಮುಂದಿನ ಸಾಲಿಗೆ ಅಡ್ಡಲಾಗಿ ನಿಲ್ಲುವರು. ಭಾಷಣಕಾರರಿಗೆ, ‘ಸ್ವಾಮಿ, ಕೆಮರಾವನ್ನು ನೋಡಿ ಮಾತಾಡಿ’ ಎನ್ನುವರು. ಹದಿನೈದು ಮೈಲಿಯಿಂದ ಬಸ್ಸು ಹಿಡಿದು, ಕೊಡೆಯನ್ನು ಮಡಿಸಿ ಬಂದು ಕುಳಿತ ಮುದುಕನಿಗೆ ಭಾಷಣಕಾರರ ಮುಖವಾದರೂ ಕಾಣಬೇಡವೇ? ಬಂದವನು ಅತಿಥಿ, ಬರಲಾರದವನು ಬಂಧು. ಒಬ್ಬನ ಎಲೆಯಿಂದ ತೆಗೆದು ಇನ್ನೊಬ್ಬನಿಗೆ ಬಡಿಸುವುದು ಸಲ್ಲದು. ಇಬ್ಬರಿಗೂ ಬೇರೆ ಬೇರೆ ಆಳುಗಳನ್ನು ನೇಮಿಸಿದರೆ ಈ ಜಗಳವೇ ಹುಟ್ಟದು. ಒಬ್ಬನನ್ನೇ ಎರಡೂ ಪಂಕ್ತಿಗಳಿಗೆ ಬಿಟ್ಟುದರಿಂದಲೇ ಎರಡು ಕಡೆಯೂ ಹಸಿವು.

ಇದಕ್ಕೆ ಎರಡು ಆಕ್ಷೇಪಗಳನ್ನು ನಾನು ಕೇಳಿರುವೆನು. ಮನೆಯಲ್ಲಿಯೇ ಕೇಳುವಂತಾದರೆ ಭವನವು ಬರಿದಾಗುವುದೆಂಬುದು ಒಂದನೆಯದು. ಇದರಲ್ಲಿ ಸ್ವಲ್ಪ ಸತ್ಯವುಂಟು. ಕಾಲು ಗಟ್ಟಿಯಿದ್ದೂ ಸೋಮಾರಿತನದಿಂದ ಮನೆಯಲ್ಲಿ ಉಳಿಯುವವರು ಕೆಲವರಿರುವರು. ಆದರೆ ನಮ್ಮ ಜಿಲ್ಲೆಯ ಸ್ಥಿತಿಯನ್ನು ನೋಡಿರಿ. ಮಳೆಗಾಲದಲ್ಲಿ ಕಾವೇರಿಯು ಏರಿದರೆ ಭಾಗಮಂಡಲದ ದಾರಿಯು ಮುಳುಗುವುದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು, ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಹೋಗುವ ಹೆದ್ದಾರಿಯೇ ಮುಚ್ಚಿಹೋಗಿ, ಊರಿಗೆ ಊರು ಬೇರ್ಪಟ್ಟುದನ್ನು ನಾವು ಮರೆಯುವಂತಿಲ್ಲ. ನಮ್ಮ ಮನೆಗಳು ತೋಟಗಳ ನಡುವೆ ಒಂದಕ್ಕೊಂದು ದೂರ; ನಮ್ಮ ಮಕ್ಕಳು ಸೈನ್ಯದಲ್ಲಿ, ಬೆಂಗಳೂರಿನಲ್ಲಿ, ಪರದೇಶಗಳಲ್ಲಿ. ಇಂತಹ ನಾಡಿನಲ್ಲಿ ಭವನಕ್ಕೆ ಬಂದವರಷ್ಟೇ ಸಂಘವೆಂದರೆ, ಅದು ಪೇಟೆಯ ಸಂಘವಾಗುವುದೇ ಹೊರತು ಜಿಲ್ಲೆಯ ಸಂಘವಾಗದು.

ಎರಡನೆಯ ಆಕ್ಷೇಪವು ಹಣದ್ದು. ನಾಲ್ವರಿಗೆ ಸಂಭಾವನೆ ಎಲ್ಲಿಂದ ತರುವುದು? ಇದು ನಿಜವಾದ ಕಷ್ಟ. ಆದರೆ ನಾವು ಶಾಲುಹಾರಗಳಿಗೂ ನೆನಪಿನ ಕಾಣಿಕೆಗಳಿಗೂ ಮಾಡುವ ವೆಚ್ಚವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ವೇದಿಕೆಯ ಮೇಲಿನ ಎಂಟು ಹಾರಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿದರೆ, ನಾಲ್ವರು ವಿದ್ಯಾರ್ಥಿಗಳ ಬಸ್ಸಿನ ಖರ್ಚಿಗೂ ಊಟಕ್ಕೂ ಆಗುವುದು. ಹಣಕ್ಕಿಂತಲೂ ಅವರಿಗೆ ಬೇಕಾದುದು ಗೌರವ. ‘ಆ ಲೈವ್ ಹುಡುಗ’ ಎಂದು ಕರೆಯಿಸಿಕೊಳ್ಳುವುದಕ್ಕೆ ಯಾವ ಹುಡುಗನೂ ಎರಡನೆಯ ಸಲ ಬರಲಾರನು.

ಈ ಕ್ರಮವು ಕೈಗೂಡದ ಕನಸೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಸಂಘದ ಕಳೆದ ಎರಡು ಸಭೆಗಳಲ್ಲಿ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತಾನಾಗಿಯೇ ಅರುವಳ ಕೆಲಸವನ್ನು ವಹಿಸಿಕೊಂಡಳು. ಅವಳು ಸಭೆಗೆ ಮೊದಲು ದೂರದ ಸದಸ್ಯರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ‘ಅಜ್ಜ, ಕೇಳಿಸುತ್ತಿದೆಯೇ? ಕಾಣಿಸುತ್ತಿದೆಯೇ?’ ಎಂದು ವಿಚಾರಿಸಿದಳು. ನನ್ನ ಸೋಮವಾರಪೇಟೆಯ ಸ್ನೇಹಿತರಿಗೂ ಮಾಡಿದಳು. ಎರಡನೆಯ ಸಭೆಗೆ ಅವರು ಸೇರಿದರು. ಅಂದಿನ ವಿಷಯವು ಹಾಲೇರಿ ಅರಸರ ಕಾಲದ ಭೂಕಂದಾಯ. ಪ್ರಶ್ನೆಯ ಕಾಲದಲ್ಲಿ ಆ ಹುಡುಗಿಯು ಎದ್ದುನಿಂತು ಅವರ ಹೆಸರನ್ನು ಹೇಳಿ, ಪ್ರಶ್ನೆಯನ್ನು ಓದಿ, ಬಳಿಕ ಅವರೇ ಮಾತಾಡುವಂತೆ ಧ್ವನಿಯನ್ನು ಭವನಕ್ಕೆ ಬಿಡಿಸಿದಳು. ಆ ನಡುಗುವ ಕಂಠವು ನೋಟುಪುಸ್ತಕದ ಪುಟದ ಸಂಖ್ಯೆಯನ್ನು ಹೇಳಿ ಎರಡು ನಿಮಿಷ ಮಾತಾಡಿತು. ಉಪನ್ಯಾಸಕರು ಲೇಖನಿಯನ್ನು ತೆಗೆದು ಬರೆದುಕೊಂಡರು. ಆ ಪುಸ್ತಕಗಳನ್ನು ನೋಡುವುದಕ್ಕೆ ಅವರ ಮನೆಗೆ ಬರುವೆನೆಂದೂ ಹೇಳಿದರು. ಯಂತ್ರವು ಹಿಂದೆ ಇದ್ದುದೇ; ಹೊಸದಾಗಿ ಬಂದವಳು ಆ ಹುಡುಗಿಯೊಬ್ಬಳೇ.

ಆದುದರಿಂದ ಕಾರ್ಯಕಾರೀ ಸಮಿತಿಯ ಮಹನೀಯರಲ್ಲಿ ನನ್ನ ವಿಜ್ಞಾಪನೆಯು ಚಿಕ್ಕದು. ದೂರಕ್ಕೆ ತೋರಿಸುವ ಏರ್ಪಾಡನ್ನು ನಿಲ್ಲಿಸಬೇಡಿರಿ, ಆಳುಗಳನ್ನು ನೇಮಿಸಿರಿ. ನಮ್ಮ ಆಹ್ವಾನಪತ್ರಿಕೆಯಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ, ವಂದನಾರ್ಪಣೆ ಎಂದು ಒಂದೊಂದಕ್ಕೂ ಒಬ್ಬೊಬ್ಬರ ಹೆಸರನ್ನು ಅಚ್ಚುಹಾಕಿಸುವೆವಷ್ಟೆ. ನಿರೂಪಣೆಯ ಕೆಳಗೆ ‘ದೂರದ ಸಭಿಕರ ಪರವಾಗಿ’ ಎಂದು ಇನ್ನೊಂದು ಸಾಲಿರಲಿ. ಅದರ ಎದುರಿಗೆ ಹೆಸರಿರಲಿ. ಆ ಹೆಸರಿನವರಿಗೆ ವೇದಿಕೆಯ ಪಕ್ಕದಲ್ಲಿ ಒಂದು ಮೇಜು, ಒಂದು ಮೈಕು, ಸಭೆಗೆ ಒಂದು ಗಂಟೆ ಮೊದಲು ಭವನದ ಬೀಗದ ಕೈ, ಇಷ್ಟನ್ನು ಕೊಟ್ಟರೆ ಸಾಕು. ಕಕ್ಕಡದ ಮಳೆ ಹಿಡಿಯುವುದಕ್ಕೆ ಮೊದಲು ಈ ಏರ್ಪಾಡು ಆಗಬೇಕು. ಮಳೆ ಹಿಡಿದ ಮೇಲೆ ಭವನದಲ್ಲಿ ನಾವು ಹತ್ತು ಮಂದಿ ಇರುವೆವು, ಮಿಕ್ಕವರೆಲ್ಲ ತಂತಮ್ಮ ಜಗಲಿಗಳಲ್ಲಿ ಕಾದಿರುವರು.